‘ಅವನನ್ನು ಹಿಂದೆ ನಿಲ್ಲಿಸಿ’

ಕೆಲವು ತಿಂಗಳ ಹಿಂದೆ ನಾವು ನಿಕಾಹ್ ಸಮಾರಂಭವೊಂದಕ್ಕೆ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ ಹೋಗಿದ್ದೆವು. ಧಾರವಾಡದ ಬಯಲು ಮುಗಿಯುತ್ತ ಬಂದು, ಹಳಿಯಾಳ-ಯಲ್ಲಾಪುರಗಳ ಕಾಡು ಹತ್ತಿರವಾಗುವ ಸೀಮೆ ಅದು. ಊಟ ಮುಗಿದಿತ್ತು. ಅಸರ್ ನಮಾಝ್‌ಗೆ ಇನ್ನೂ ಸಮಯವಿತ್ತು. ಊರಿನ ಹುಡುಗರೂ ಮದುವೆಗೆ ಬಂದ ಹುಡುಗರೂ ಸೇರಿ, ಕೊಯ್ಲು ಮುಗಿದ ಹೊಲವೊಂದರಲ್ಲಿ ಚಪ್ಪಲಿಗಳನ್ನೇ ಗೋಲಿನ ಗುರುತಾಗಿಟ್ಟು ಫುಟ್ಬಾಲ್ ಆಟಕ್ಕೆ ಇಳಿದರು. ತಂಡಗಳನ್ನು ಹಂಚುತ್ತಿದ್ದಾಗ, ನೋಡುತ್ತ ನಿಂತಿದ್ದ ಹಿರಿಯರೊಬ್ಬರು ಸಿದ್ದಿ ಸಮುದಾಯದ ಬಾಲಕನೊಬ್ಬನತ್ತ ಕೈ ತೋರಿಸಿ, ‘ಅವನನ್ನು ಹಿಂದೆ ನಿಲ್ಲಿಸಿ. ಮೈಯಾಗ ಬಲ ಐತಿ, ಯಾರೂ ದಾಟೂದಿಲ್ಲ’ ಎಂದರು. ಆ ಬಾಲಕ ಅಲ್ಲಿಯವರೆಗೆ ಚೆಂಡನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅವನಿಗೆ ಆಟ ಬರುತ್ತದೆಯೇ ಇಲ್ಲವೇ ಎಂಬುದು ಯಾರಿಗೂ ತಿಳಿದಿರಲಿಲ್ಲ. ನೆರೆದವರು ನಕ್ಕರು. ಅವನು ಮರುಮಾತಿಲ್ಲದೆ ಹಿಂದೆ ಹೋಗಿ ನಿಂತನು.

ಹಾಗೆ ಹೇಳಿದವರು ಆ ಊರಿನವರಲ್ಲ. ಪಟ್ಟಣದಿಂದ ನಮ್ಮದೇ ವಾಹನದಲ್ಲಿ ಬಂದವರು, ನಮಾಝಿ, ದಾನಧರ್ಮದಲ್ಲಿ ಹಿಂಜರಿಯದ ಸಜ್ಜನರು. ನಕ್ಕವರಲ್ಲಿ ನಾವೂ ಇದ್ದೆವು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಇದರಲ್ಲಿ ತಪ್ಪೇನಿದೆ, ಅದು ಹೊಗಳಿಕೆಯ ಮಾತಲ್ಲವೇ ಎಂದು ಕೇಳುವವರಿದ್ದಾರೆ. ಮರಳಿ ಬರುವ ದಾರಿಯಲ್ಲಿ ನಾವೂ ನಮ್ಮನ್ನು ಹಾಗೆಯೇ ಸಮಾಧಾನಪಡಿಸಿಕೊಂಡೆವು. ಆದರೆ ಮನಸ್ಸು ಒಪ್ಪಲಿಲ್ಲ. ಏಕೆಂದರೆ ಈ ‘ಹೊಗಳಿಕೆ’ಯ ವಿರುದ್ಧ ಬದುಕಿಡೀ ವಾದಿಸಿದ ಒಬ್ಬ ಮನುಷ್ಯ ನಮ್ಮ ಕಾಲದಲ್ಲಿಯೇ ಇದ್ದಾರೆ. ಅವರು ಧರ್ಮಪ್ರಚಾರಕರಲ್ಲ, ರಾಜಕಾರಣಿಯೂ ಅಲ್ಲ. ಫುಟ್ಬಾಲ್ ಮೈದಾನದಲ್ಲಿ ಹಿಂದಿನ ಸಾಲನ್ನು ಕಾಯುತ್ತಿದ್ದ ಫ್ರಾನ್ಸಿನ ಆಟಗಾರ ಲಿಲಿಯಾನ್ ತುರಾಂ. ಜಿನೆದಿನ್ ಜಿದಾನ್ ಹೆಸರು ನಮ್ಮ ಮನೆಮನೆಯ ಮಕ್ಕಳಿಗೂ ಗೊತ್ತು. ಒಂದು ಕಾಲದಲ್ಲಿ ಅವರ ಚಿತ್ರ ನಮ್ಮ ಹುಡುಗರ ಪುಸ್ತಕಗಳ ಹೊದಿಕೆಯ ಮೇಲೂ ಇತ್ತು. ಅದೇ ತಂಡದಲ್ಲಿ ಅವರ ಬೆನ್ನ ಹಿಂದೆ ನಿಂತಿದ್ದ ತುರಾಂ ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತರು. ಅವರು ನಮ್ಮ ಧರ್ಮದವರಲ್ಲ ಎಂಬುದು ಅದಕ್ಕೊಂದು ಕಾರಣವಿರಬಹುದು. ಗೋಲು ಹೊಡೆಯುವವನನ್ನು ಮಾತ್ರ ನೆನಪಿಡುವ ಲೋಕರೂಢಿಯೂ ಇನ್ನೊಂದು ಕಾರಣ.

(ಫುಟ್ಬಾಲ್ ನಮ್ಮ ಸೀಮೆಯ ಆಟವಲ್ಲ, ಫ್ರಾನ್ಸಿಗೂ ನಮಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಎದುರಿಸಿದ್ದು ಫ್ರಾನ್ಸ್ ತಂಡವನ್ನೇ. 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಸಹ ಇದ್ದರು. ಬಹುತೇಕರು ಬರಿಗಾಲಿನಲ್ಲಿ ಆಡಿದ್ದರು.)

ತುರಾಂ 1972ರ ಜನವರಿ 1ರಂದು ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಜನಿಸಿದರು. ಭೂಪಟದಲ್ಲಿ ಅದು ಅಮೆರಿಕ ಖಂಡದ ಮಗ್ಗುಲಿನಲ್ಲಿದ್ದರೂ ಆಡಳಿತದಲ್ಲಿ ಫ್ರಾನ್ಸಿನ ಭಾಗ. ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ಸಂತತಿ ಅಲ್ಲಿನ ಹೆಚ್ಚಿನ ಜನ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕೊನೆಗೊಳಿಸಿದ್ದು 1848ರಲ್ಲಿ. ತುರಾಂ ಅವರ ತಾಯಿ ಐವರು ಮಕ್ಕಳನ್ನು ಒಬ್ಬರೇ ಸಾಕಿದರು. ಕಬ್ಬಿನ ಗದ್ದೆಯಲ್ಲಿ ದುಡಿದರು, ಮನೆಗಳನ್ನು ಗುಡಿಸಿದರು, ಕೊನೆಗೆ ಒಂದು ದಿನ ಫ್ರಾನ್ಸಿಗೆ ಹೋಗಿ ಅಲ್ಲಿ ಕೆಲಸ ಹುಡುಕಿಕೊಂಡು 1981ರಲ್ಲಿ ಮಕ್ಕಳನ್ನೂ ಕರೆಸಿಕೊಂಡರು. ಪ್ಯಾರಿಸ್ಸಿನ ದಕ್ಷಿಣಕ್ಕೆ ಫಾಂಟೆನ್‌ಬ್ಲೊ ಪಟ್ಟಣದ ಮಗ್ಗುಲಲ್ಲಿ, ಹಲವು ದೇಶಗಳ ವಲಸಿಗರು ತುಂಬಿದ್ದ ವಸತಿ ಸಂಕೀರ್ಣವೊಂದರಲ್ಲಿ ಅವರ ಬಾಲ್ಯ ಮುಂದುವರಿಯಿತು.

ಆಗ ಅವರಿಗೆ ಒಂಬತ್ತು ವರ್ಷ. ತಾನು ಕರಿಯನೆಂಬುದು ತನಗೆ ಗೊತ್ತಾದದ್ದೇ ಫ್ರಾನ್ಸಿನ ಶಾಲೆಯಲ್ಲಿ ಎಂದು ಅವರು ಅನೇಕ ಬಾರಿ ಹೇಳಿಕೊಂಡಿದ್ದಾರೆ. ಆ ಕಾಲದ ದೂರದರ್ಶನದ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಕರಿಯ ಹಸುವೊಂದಿತ್ತು. ಅದು ದಡ್ಡ ಹಸು. ಸಹಪಾಠಿಗಳು ಆ ಹಸುವಿನ ಹೆಸರನ್ನು ಈ ಬಾಲಕನಿಗೆ ಇಟ್ಟರು. ಮನೆಗೆ ಬಂದು ತಾಯಿಯನ್ನು ಕೇಳಿದಾಗ, ಲೋಕ ಇರುವುದೇ ಹೀಗೆ, ಜನರ ಈ ಬುದ್ಧಿ ಬದಲಾಗುವುದಿಲ್ಲ ಎಂಬರ್ಥದ ಉತ್ತರ ಸಿಕ್ಕಿತು. ಬಡ ತಾಯಿ ಬೇರೇನು ಹೇಳಿಯಾಳು? ಆದರೆ ಆ ಉತ್ತರ ತನಗೆ ಸಾಲಲಿಲ್ಲ, ಅದು ಏಕೆ ಹೀಗೆ ಎಂದು ತಿಳಿಯಬೇಕೆನಿಸಿತು ಎನ್ನುತ್ತಾರೆ ತುರಾಂ. ಅವರ ಜೀವನದ ಎರಡು ಭಾಗಗಳಲ್ಲಿ ಒಂದು ಚೆಂಡಿನದು, ಇನ್ನೊಂದು ಈ ‘ಏಕೆ’ ಎಂಬುದರದು.

ಚೆಂಡಿನ ಭಾಗವನ್ನು ಬೇಗ ಹೇಳಿ ಮುಗಿಸಬಹುದು. ಮೊನಾಕೊ ಕ್ಲಬ್ಬಿನಲ್ಲಿ ತರಬೇತುದಾರ ಆರ್ಸೆನ್ ವೆಂಗರ್ ಅವರ ಕೈಕೆಳಗೆ 1991ರಲ್ಲಿ ಅವರ ವೃತ್ತಿಜೀವನ ಆರಂಭವಾಯಿತು. 1996ರಲ್ಲಿ ಇಟಲಿಯ ಪಾರ್ಮಾ, 2001ರಲ್ಲಿ ಜುವೆಂಟಸ್. ಪಂದ್ಯಗಳ ಅಕ್ರಮದ ಪ್ರಕರಣದಲ್ಲಿ ಜುವೆಂಟಸ್ ಕೆಳದರ್ಜೆಗೆ ತಳ್ಳಲ್ಪಟ್ಟಾಗ 2006ರಲ್ಲಿ ಸ್ಪೇನಿನ ಬಾರ್ಸಿಲೋನಾ. ಫ್ರಾನ್ಸ್ ಪರವಾಗಿ 1994ರಿಂದ 2008ರವರೆಗೆ 142 ಪಂದ್ಯಗಳು. ಪುರುಷರ ತಂಡದಲ್ಲಿ ಈ ದಾಖಲೆಯನ್ನು ಮುರಿಯಲು 2022ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಮುರಿದವರು ಗೋಲ್‌ಕೀಪರ್ ಹ್ಯೂಗೊ ಲೊರಿಸ್. 1998ರ ವಿಶ್ವಕಪ್ಪು, 2000ದ ಯೂರೋಪ್ ಕಪ್ಪು, 2006ರ ವಿಶ್ವಕಪ್ಪಿನ ಅಂತಿಮ ಪಂದ್ಯ, ಎಲ್ಲದರಲ್ಲೂ ಅವರಿದ್ದರು. 2008ರಲ್ಲಿ ವೈದ್ಯಕೀಯ ಪರೀಕ್ಷೆಯೊಂದರಲ್ಲಿ ಹೃದಯದ ದೋಷ ಪತ್ತೆಯಾಗಿ, ತಮ್ಮ 36ನೆಯ ವಯಸ್ಸಿನಲ್ಲಿ ಅವರು ಆಟಕ್ಕೆ ವಿದಾಯ ಹೇಳಿದರು.

ಹಿಂದಿನ ಸಾಲಿನ ಆಟಗಾರನ ಕೆಲಸವೇನು? ಬಲವಾಗಿ ಢಿಕ್ಕಿ ಹೊಡೆಯುವುದು, ಎತ್ತರಕ್ಕೆ ಜಿಗಿಯುವುದು, ದೂರಕ್ಕೆ ಒದೆಯುವುದು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯವೂ ಅಲ್ಲ. ಮುಂದಿನ ಸಾಲಿನವನು ತೊಂಬತ್ತು ನಿಮಿಷಗಳಲ್ಲಿ ಎಂಬತ್ತೊಂಬತ್ತು ನಿಮಿಷ ತಪ್ಪು ಮಾಡಿ ಒಂದು ನಿಮಿಷ ಸರಿ ಮಾಡಿದರೆ ಮರುದಿನ ಪತ್ರಿಕೆಗಳು ಅವನನ್ನು ವೀರನೆನ್ನುತ್ತವೆ. ಹಿಂದಿನವನ ಲೆಕ್ಕ ಇದಕ್ಕೆ ತದ್ವಿರುದ್ಧ. ಎದುರಾಳಿ ಚೆಂಡನ್ನು ಯಾರಿಗೆ ಕೊಡಲಿದ್ದಾನೆಂಬುದನ್ನು ಅವನು ಕೊಡುವ ಮುನ್ನವೇ ಊಹಿಸಬೇಕು. ತನ್ನ ಸಾಲಿನ ಉಳಿದ ಮೂವರು ಎಲ್ಲಿದ್ದಾರೆಂಬುದನ್ನು ತಿರುಗಿ ನೋಡದೆಯೇ ತಿಳಿದಿರಬೇಕು. ಎಲ್ಲರೂ ಒಂದೇ ಹೆಜ್ಜೆಯಲ್ಲಿ ಮುಂದೆ ಸರಿದರೆ ಎದುರಾಳಿ ಆಫ್‌ಸೈಡ್ ಆಗುತ್ತಾನೆ; ಒಬ್ಬ ಒಂದು ಹೆಜ್ಜೆ ಹಿಂದುಳಿದರೆ ಗೋಲು. ಒಂದರ್ಥದಲ್ಲಿ ಇಡೀ ಮೈದಾನದಲ್ಲಿ ಅತಿ ಹೆಚ್ಚು ಯೋಚಿಸಬೇಕಾದವನು ಅವನೇ. ಸ್ನಾಯುಗಳಿಂದ ಮಾತ್ರ ನಡೆಯುವ ಕೆಲಸ ಇದಾಗಿದ್ದರೆ, ಮೂವತ್ತು ದಾಟಿದ ತುರಾಂ ಇಟಲಿಯ ಅತಿ ಕಟ್ಟುನಿಟ್ಟಾದ ರಕ್ಷಣಾ ಸಾಲುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತಿರಲಿಲ್ಲ.

1998ರ ಜುಲೈ 8. ಪ್ಯಾರಿಸ್ ಹೊರವಲಯದ ಸೇಂಟ್ ಡೆನಿಸ್ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಸೆಮಿಫೈನಲ್, ಎದುರಾಳಿ ಕ್ರೊಯೇಷಿಯಾ. ಮಧ್ಯಂತರದ ನಂತರ ಆಟ ಆರಂಭವಾದ ಕ್ಷಣದಲ್ಲಿಯೇ ದಾವೋರ್ ಶೂಕರ್ ಗೋಲು ಹೊಡೆದರು. ಆ ಗೋಲಿಗೆ ದಾರಿಯಾದದ್ದು ತುರಾಂ ಅವರ ತಪ್ಪು. ಉಳಿದವರು ಮುಂದೆ ಸರಿದಾಗ ಅವರೊಬ್ಬರು ಹಿಂದೆ ಉಳಿದಿದ್ದರು, ಹಾಗಾಗಿ ಶೂಕರ್ ಆಫ್‌ಸೈಡ್ ಆಗಲಿಲ್ಲ. ಒಂದೇ ನಿಮಿಷದೊಳಗೆ ತುರಾಂ ತಮ್ಮ ಸ್ಥಾನ ಬಿಟ್ಟು ಮುಂದೆ ನುಗ್ಗಿ ಸಮಬಲದ ಗೋಲು ಹೊಡೆದರು. 70ನೆಯ ನಿಮಿಷದಲ್ಲಿ ಎಡಗಾಲಿನಿಂದ ಇನ್ನೊಂದು. ಫ್ರಾನ್ಸ್ 2-1ರಿಂದ ಗೆದ್ದಿತು. ಎರಡನೆಯ ಗೋಲಿನ ನಂತರ ಅವರು ಕುಣಿಯಲಿಲ್ಲ, ಅಂಗಿ ಕಳಚಲಿಲ್ಲ. ಮಂಡಿಯೂರಿ ಕುಳಿತು, ತುಟಿಯ ಬಳಿ ಬೆರಳಿಟ್ಟು, ಏನನ್ನೋ ಯೋಚಿಸುವವರಂತೆ ಸುಮ್ಮನಿದ್ದರು. 142 ಪಂದ್ಯಗಳ ಆಯುಷ್ಯದಲ್ಲಿ ದೇಶಕ್ಕಾಗಿ ಅವರು ಹೊಡೆದದ್ದು ಈ ಎರಡೇ ಗೋಲುಗಳು. ಅದೇ ಪಂದ್ಯದಲ್ಲಿ, ಎದುರಾಳಿಯ ಮುಖಕ್ಕೆ ಕೈ ತಾಗಿಸಿದರೆಂದು ಕೆಂಪು ಚೀಟಿ ಪಡೆದು ಹೊರನಡೆದವರು ಲೊರಾಂ ಬ್ಲಾಂ. ಅವರೂ ಹಿಂದಿನ ಸಾಲಿನವರೇ, ಬಿಳಿಯರು, ತುರಾಂ ಅವರ ನೆಚ್ಚಿನ ಜೊತೆಗಾರರು. ಈ ಹೆಸರನ್ನು ಓದುಗರು ನೆನಪಿಡಬೇಕು.

ನಾಲ್ಕು ದಿನಗಳ ನಂತರ ಬ್ರೆಜಿಲ್ ವಿರುದ್ಧ 3-0 ಗೆಲುವು. ಅಲ್ಜೀರಿಯ ಮೂಲದ ಜಿದಾನ್, ಗ್ವಾಡೆಲೂಪಿನ ತುರಾಂ, ಸೆನೆಗಲ್‌ನಲ್ಲಿ ಹುಟ್ಟಿದ ವಿಯೆರಾ, ಘಾನಾದಲ್ಲಿ ಹುಟ್ಟಿದ ದೆಸಾಯಿ, ಇವರೆಲ್ಲರೂ ಇರುವ ತಂಡವನ್ನು ಹೊಗಳಲು ಫ್ರಾನ್ಸಿಗೆ ಮಾತುಗಳೇ ಸಾಲಲಿಲ್ಲ. ಕರಿಯ, ಬಿಳಿಯ, ಅರಬ ಎಂಬ ಭೇದ ಅಳಿದ ಹೊಸ ಫ್ರಾನ್ಸ್ ಹುಟ್ಟಿತೆಂದು ರಾಜಕಾರಣಿಗಳು ಭಾಷಣ ಮಾಡಿದರು. ಸರಿಯಾಗಿ ನಾಲ್ಕು ವರ್ಷಗಳಾಗುವುದರೊಳಗೆ, 2002ರ ಏಪ್ರಿಲ್‌ನಲ್ಲಿ, ಈ ತಂಡವನ್ನು ಹಿಂದೆ ‘ಕೃತಕ’ವೆಂದು ಹಳಿದಿದ್ದ ಬಲಪಂಥೀಯ ನಾಯಕ ಝಾನ್-ಮರಿ ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತನ್ನು ತಲುಪಿದರು. ಕಪ್ಪು ಕಾಲುಗಳಿಗೆ ಚಪ್ಪಾಳೆ ತಟ್ಟಿದ ಕೈಗಳೇ ಮತಪೆಟ್ಟಿಗೆಯ ಬಳಿ ಬೇರೆ ಕೆಲಸ ಮಾಡಿದವು ಎನ್ನದೆ ವಿಧಿಯಿಲ್ಲ. ಈ ಅನುಭವ ಭಾರತದ ಮುಸ್ಲಿಮರಿಗೆ ಹೊಸದೇನಲ್ಲ. ಶತಕ ಬಾರಿಸಿದ ದಿನ ‘ನಮ್ಮ ಹುಡುಗ’ನಾದವನು ಕ್ಯಾಚ್ ಬಿಟ್ಟ ದಿನ ಏನಾಗುತ್ತಾನೆಂಬುದನ್ನು ನಾವು ಕಂಡಿದ್ದೇವೆ.

2005ರ ಅಕ್ಟೋಬರ್ 27ರಂದು ಪ್ಯಾರಿಸ್ ಹೊರವಲಯದ ಕ್ಲಿಶಿ-ಸು-ಬುವಾದಲ್ಲಿ, ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಕೇಂದ್ರದೊಳಗೆ ಅಡಗಿದ ಇಬ್ಬರು ಬಾಲಕರು ವಿದ್ಯುದಾಘಾತದಿಂದ ಸತ್ತರು. ಝಿಯಾದ್ ಮತ್ತು ಬೂನಾ ಅವರ ಹೆಸರುಗಳು. ವಲಸಿಗರ ಬಡಾವಣೆಗಳು ವಾರಗಟ್ಟಲೆ ಹೊತ್ತಿ ಉರಿದವು. ಅದಕ್ಕೆ ಕೇವಲ ಎರಡು ದಿನ ಮುಂಚೆ, ಆಗ ಗೃಹಸಚಿವರಾಗಿದ್ದ ನಿಕೊಲಾ ಸರ್ಕೋಜಿ ಇಂಥ ಬಡಾವಣೆಯೊಂದರ ಯುವಕರನ್ನು ಕುರಿತು ‘ಪುಂಡರ ಹಿಂಡು’ ಎಂಬಂಥ ಮಾತನ್ನಾಡಿದ್ದರು. ಆಗ ತುರಾಂ ಸುಮ್ಮನಿರಲಿಲ್ಲ. ತಾನೂ ಇಂಥದೇ ಬಡಾವಣೆಯಲ್ಲಿ ಬೆಳೆದವನು, ಆ ಮಾತು ತನಗೂ ತಗಲುತ್ತದೆ, ಈ ಹುಡುಗರಿಗೆ ಬೇಕಾದದ್ದು ಕೆಲಸ ಎಂದು ಬಹಿರಂಗವಾಗಿ ಹೇಳಿದರು. ಮರುವರ್ಷ ಪ್ಯಾರಿಸ್ ಬಳಿಯ ಕಶಾನ್ ಎಂಬಲ್ಲಿ ಕಟ್ಟಡವೊಂದರಿಂದ ಹೊರದಬ್ಬಲ್ಪಟ್ಟ ವಲಸಿಗರಲ್ಲಿ ಹಲವರನ್ನು ಅವರೂ ವಿಯೆರಾ ಅವರೂ ಫ್ರಾನ್ಸ್-ಇಟಲಿ ಪಂದ್ಯಕ್ಕೆ ತಮ್ಮ ಅತಿಥಿಗಳಾಗಿ ಕರೆದರು. ಆಟಗಾರ ಆಟವಾಡಲಿ, ರಾಜಕೀಯ ಅವನಿಗೇಕೆ ಎಂಬ ಗದರಿಕೆ ಎಂದಿನಂತೆ ಕೇಳಿಬಂತು. ಓಡಲು ಕಾಲು ಬೇಕು, ಮಾತಾಡಲು ಬಾಯಿ ಬೇಡ ಎಂಬುದು ಆ ಗದರಿಕೆಯ ಅರ್ಥ.

ನಿವೃತ್ತಿಯ ವರ್ಷವೇ, 2008ರಲ್ಲಿ, ಅವರು ತಮ್ಮ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದು ಫುಟ್ಬಾಲ್ ಕಲಿಸುವುದಿಲ್ಲ. ವರ್ಣಭೇದ ಹುಟ್ಟಿನಿಂದ ಬರುವಂಥದಲ್ಲ, ಕಲಿತು ಬರುವಂಥದು, ಆದ್ದರಿಂದ ಶಾಲೆಯಲ್ಲಿಯೇ ಅದನ್ನು ಮರೆಸಬಹುದು ಎಂಬುದು ಅದರ ನಂಬಿಕೆ. 2010ರಲ್ಲಿ ‘ನನ್ನ ಕಪ್ಪು ನಕ್ಷತ್ರಗಳು’ ಎಂಬರ್ಥದ ಹೆಸರಿನ ಪುಸ್ತಕ ಬಂತು. ಶಾಲೆಯಲ್ಲಿ ಕರಿಯರ ಬಗ್ಗೆ ತನಗೆ ಕಲಿಸಿದ್ದು ಗುಲಾಮಗಿರಿಯ ಪಾಠವೊಂದನ್ನೇ ಎಂಬ ಕೊರಗಿನಿಂದ, ವಿಜ್ಞಾನಿ, ಕವಿ, ಹೋರಾಟಗಾರರಾದ ಕರಿಯರ ಜೀವನಗಳನ್ನು ಅವರು ಅದರಲ್ಲಿ ಹೇಳಿದರು. 2011ರ ಕೊನೆಯಲ್ಲಿ ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿ ‘ಮಾನವ ಮೃಗಾಲಯ’ಗಳ ಕುರಿತ ಪ್ರದರ್ಶನದ ಮುಖ್ಯ ಹೊಣೆ ಹೊತ್ತರು. ವಸಾಹತುಗಳ ಜನರನ್ನು ತಂದು ಪ್ರಾಣಿಗಳಂತೆ ಬೇಲಿಯೊಳಗಿಟ್ಟು ಟಿಕೆಟ್ಟು ಮಾರಿ ತೋರಿಸಿದ ಇತಿಹಾಸ ಅದು. 1998ರ ವಿಜೇತ ತಂಡದ ಇನ್ನೊಬ್ಬ ಆಟಗಾರ, ನ್ಯೂ ಕ್ಯಾಲೆಡೋನಿಯಾದ ಕ್ರಿಸ್ಟಿಯಾನ್ ಕರೆಂಬ್ಯು ಅವರ ಮುತ್ತಜ್ಜನನ್ನು 1931ರಲ್ಲಿ ಪ್ಯಾರಿಸ್ಸಿನಲ್ಲಿ ನರಭಕ್ಷಕನೆಂದು ಹೀಗೆಯೇ ಪ್ರದರ್ಶಿಸಲಾಗಿತ್ತು. ಮುತ್ತಜ್ಜ ಬೇಲಿಯೊಳಗೆ, ಮರಿಮಗ ವಿಶ್ವಕಪ್ಪಿನೊಡನೆ. ನಡುವೆ 67 ವರ್ಷ.

ಈಗ ಲೊರಾಂ ಬ್ಲಾಂ ಅವರ ಪ್ರಸಂಗಕ್ಕೆ ಬರೋಣ. 2010ರಲ್ಲಿ ಅವರು ಫ್ರಾನ್ಸ್ ತಂಡದ ತರಬೇತುದಾರರಾದರು. ಆ ವರ್ಷದ ನವೆಂಬರ್‌ನಲ್ಲಿ ಫುಟ್ಬಾಲ್ ಒಕ್ಕೂಟದ ಒಳಸಭೆಯೊಂದರಲ್ಲಿ, ತರಬೇತಿ ಕೇಂದ್ರಗಳಲ್ಲಿ ಎರಡು ದೇಶಗಳ ಪೌರತ್ವದ ಹಕ್ಕುಳ್ಳ ಮಕ್ಕಳ ಸಂಖ್ಯೆಗೆ ಮಿತಿ ಹಾಕಬೇಕೇ ಎಂಬ ಚರ್ಚೆ ನಡೆಯಿತು. ಎತ್ತರದ, ಗಟ್ಟಿಮುಟ್ಟಾದ, ಬಲಿಷ್ಠ ಹುಡುಗರನ್ನೇ ಏಕೆ ಆರಿಸುತ್ತಿದ್ದೇವೆ, ಅಂಥವರು ಯಾರು, ಕರಿಯರು ಎಂಬ ಅರ್ಥದ ಮಾತನ್ನು ಬ್ಲಾಂ ಆಡಿದರು. ಬುದ್ಧಿಯ ಆಟ ಆಡುವ ಬೇರೆ ಬಗೆಯ ಮಕ್ಕಳನ್ನು ತರಬೇಕೆಂಬುದು ಅವರ ವಾದ. 2011ರ ಏಪ್ರಿಲ್ ಕೊನೆಗೆ ಈ ಸಂಭಾಷಣೆ ಬಯಲಾಯಿತು. ವಿಚಾರಣೆ ನಡೆದು ಬ್ಲಾಂ ತಪ್ಪಿತಸ್ಥರಲ್ಲವೆಂದಾಯಿತು; ಯಾರನ್ನಾದರೂ ನೋಯಿಸಿದ್ದರೆ ಕ್ಷಮೆಯಿರಲಿ ಎಂದೂ ಅವರು ಹೇಳಿದರು. ಅವರು ದುಷ್ಟರೆಂದು ನಾವು ಹೇಳುವುದಿಲ್ಲ. ತುರಾಂ ಸಹ ಹಾಗೆ ಹೇಳಲಿಲ್ಲ. ಆದರೆ ಹಳೆಯ ಗೆಳೆತನದ ನೆಪದಲ್ಲಿ ಮೌನವನ್ನೂ ವಹಿಸಲಿಲ್ಲ. ಕರಿಯನೆಂದರೆ ಬಲ, ಬಿಳಿಯನೆಂದರೆ ಬುದ್ಧಿ ಎಂಬ ಹಂಚಿಕೆ ಎಲ್ಲಿಂದ ಬಂತು? ಗುಲಾಮರ ಸಂತೆಯಿಂದ ಬಂತು. ಅಲ್ಲಿ ಮನುಷ್ಯನ ಹಲ್ಲು ಮತ್ತು ತೋಳುಗಳನ್ನು ಮುಟ್ಟಿ ನೋಡಿ ಬೆಲೆ ಕಟ್ಟುತ್ತಿದ್ದರು. ಹನ್ನೆರಡು ವರ್ಷಗಳ ಹಿಂದೆ ತನ್ನ ಮಗ್ಗುಲಲ್ಲಿ ನಿಂತು ತಾನು ಯೋಚಿಸುವುದನ್ನು ಕಣ್ಣಾರೆ ಕಂಡಿದ್ದ ಗೆಳೆಯನ ಬಾಯಿಂದಲೂ ಆ ಸಂತೆಯ ಭಾಷೆ ತಿಳಿಯದೆ ಹೊರಬಿದ್ದರೆ, ಬಮ್ಮಿಗಟ್ಟಿಯ ಹೊಲದ ಅಂಚಿನಲ್ಲಿ ನಿಂತಿದ್ದ ನಮ್ಮ ಹಿರಿಯರ ಬಾಯಿಂದ ಬಿದ್ದದ್ದು ಆಶ್ಚರ್ಯವಲ್ಲ.

ತುರಾಂ ಅವರ ಎಲ್ಲ ಮಾತುಗಳನ್ನೂ ನಾವು ಒಪ್ಪಬೇಕಿಲ್ಲ. 2019ರಲ್ಲಿ ಇಟಲಿಯ ಪತ್ರಿಕೆಯೊಂದಕ್ಕೆ ನೀಡಿದ ಸಂದರ್ಶನದಲ್ಲಿ ಬಿಳಿಯರ ಮೇಲರಿಮೆಯ ಬಗ್ಗೆ ಅವರು ಆಡಿದ ಮಾತು ಇಡೀ ಒಂದು ಜನವರ್ಗವನ್ನೇ ದೂಷಿಸುವಂತಿದೆ ಎಂಬ ಟೀಕೆ ಬಂತು. ಆ ಟೀಕೆಯಲ್ಲಿ ಸ್ವಲ್ಪ ಹುರುಳಿದೆ ಎಂದೇ ನಮ್ಮ ಭಾವನೆ. ಒಂದು ಜನವರ್ಗದ ಹಣೆಗೆ ಒಂದೇ ಗುಣವನ್ನು ಅಂಟಿಸುವುದರಿಂದ ಆಗುವ ಅನ್ಯಾಯವನ್ನು ಮುಸ್ಲಿಮರಾದ ನಾವು ದಿನವೂ ಉಣ್ಣುತ್ತಿದ್ದೇವೆ.

ಉಣ್ಣುತ್ತಿದ್ದೇವೆ, ಸರಿ. ಬಡಿಸುತ್ತಲೂ ಇದ್ದೇವಲ್ಲ?

ಸಿದ್ದಿಗಳು ಯಾರೆಂಬುದನ್ನು ಹುಬ್ಬಳ್ಳಿ-ಧಾರವಾಡದವರಿಗೆ ವಿವರಿಸಬೇಕಿಲ್ಲ. ಶತಮಾನಗಳ ಹಿಂದೆ ಆಫ್ರಿಕದಿಂದ ಕರೆತರಲ್ಪಟ್ಟವರ ಸಂತತಿ. ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. ಯಲ್ಲಾಪುರ, ಅಂಕೋಲಾ, ಹಳಿಯಾಳ, ಮುಂಡಗೋಡ, ಖಾನಾಪುರ ಮತ್ತು ನಮ್ಮ ಕಲಘಟಗಿ ತಾಲೂಕುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಗ್ವಾಡೆಲೂಪಿನ ಕಬ್ಬಿನ ತೋಟಕ್ಕೆ ಹೋದ ಹಡಗು ಮತ್ತು ಗೋವಾದ ಬಂದರಿಗೆ ಬಂದ ಹಡಗು ಬೇರೆ ಬೇರೆ ದಿಕ್ಕಿನವು. ಹಡಗಿನೊಳಗಿನ ಸರಪಳಿ ಮಾತ್ರ ಒಂದೇ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಈ ಸಿದ್ದಿಗಳನ್ನು ‘ಕಂಡುಹಿಡಿಯಿತು’. ಆಗ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದವರು ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವಾ. ವಿಶೇಷ ಪ್ರದೇಶ ಕ್ರೀಡಾ ಯೋಜನೆ ಎಂಬುದರ ಅಡಿಯಲ್ಲಿ, ಬಿಲ್ಲುಗಾರಿಕೆಗೆ ಆದಿವಾಸಿಗಳು, ಓಟಕ್ಕೆ ಸಿದ್ದಿಗಳು ಎಂಬ ಲೆಕ್ಕಾಚಾರದಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಒಯ್ದರು. ಆಫ್ರಿಕದವರು ಒಲಿಂಪಿಕ್ಸ್‌ನಲ್ಲಿ ಪದಕ ಗೆಲ್ಲುತ್ತಾರೆ, ಇವರ ರಕ್ತವೂ ಅದೇ ಎಂಬುದು ತರ್ಕ. ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಕಾಡಿನ ಮಕ್ಕಳಿಗೆ ಹೊಟ್ಟೆತುಂಬ ಊಟ, ಬೂಟು, ಶಾಲೆ ಸಿಕ್ಕಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರು. ಕೆಲವರಿಗೆ ಕ್ರೀಡಾ ಮೀಸಲಿನಲ್ಲಿ ಉದ್ಯೋಗವೂ ದೊರೆಯಿತು. ಆದರೆ 1993ರಲ್ಲಿ ಸಿದ್ದಿಗಳ ಈ ಯೋಜನೆ ನಿಂತುಹೋಯಿತು. ಅರ್ಧ ದಾರಿಯಲ್ಲಿದ್ದ ಮಕ್ಕಳು ಹಾಡಿಗಳಿಗೆ, ಕೂಲಿಗೆ ಮರಳಿದರು. ಪದಕ ತರುವ ರಕ್ತವನ್ನು ಹುಡುಕಿಕೊಂಡು ಹೋದವರಿಗೆ, ಪದಕ ಬೇಗ ಬಾರದಿದ್ದಾಗ ಆ ರಕ್ತ ಹರಿಯುವ ಮಕ್ಕಳ ಬಗ್ಗೆ ಹೊಣೆಯಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮುಂಡಗೋಡ ಭಾಗದಲ್ಲಿ ಸಿದ್ದಿ ಮಕ್ಕಳಿಗೆ ಓಟದ ತರಬೇತಿ ಮತ್ತೆ ನಡೆಯುತ್ತಿರುವುದು ಸಮಾಧಾನದ ಸಂಗತಿ.

ಆ ತರ್ಕವಾದರೂ ಎಷ್ಟು ಜಾಳು! ದೂರದ ಓಟದಲ್ಲಿ ಹೆಸರಾದ ಕೆನ್ಯಾದ ಓಟಗಾರರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ನಾಡಿನ ಕೆಲವೇ ಬುಡಕಟ್ಟುಗಳವರು. ಅಲ್ಲಿ ಶಾಲೆ, ತರಬೇತಿ, ಸ್ಪರ್ಧೆಗಳ ದಶಕಗಳ ಪರಂಪರೆ ಇದೆ. ಆಫ್ರಿಕವೆಂಬುದು ಐವತ್ತಕ್ಕೂ ಹೆಚ್ಚು ದೇಶಗಳ ಖಂಡ; ಅದನ್ನೊಂದು ತಳಿಯ ಹೆಸರೆಂದು ಭಾವಿಸುವುದು ಅಜ್ಞಾನ. ತುರಾಂ ಬೆಳೆದದ್ದು ರಕ್ತದಿಂದಲ್ಲ. ಬಡಾವಣೆಯ ಪುಟ್ಟ ಕ್ಲಬ್ಬಿನಿಂದ ಮೊನಾಕೊವರೆಗೆ ಒಂದರ ಮೇಲೊಂದು ಮೆಟ್ಟಿಲುಗಳಿದ್ದವು, ಪಟ್ಟು ಬಿಡದ ತಾಯಿಯಿದ್ದಳು, ಎಡವಿದಾಗ ಇನ್ನೊಂದು ಅವಕಾಶವಿತ್ತು. ಕಲಘಟಗಿಯ ಹುಡುಗನಿಗೆ ಎಷ್ಟು ಮೆಟ್ಟಿಲುಗಳಿವೆ?

ಸರಕಾರವನ್ನು ದೂರುವುದು ಸುಲಭ. ನಮ್ಮ ಮನೆಯ ಮಾತಿಗೆ ಬರೋಣ. ಜುಮಾ ಖುತ್ಬಾಗಳಲ್ಲಿ ಹಝ್ರತ್ ಬಿಲಾಲ್‌ರ ಹೆಸರು ಬಂದಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ದಖ್ಖನಿನ ಇತಿಹಾಸ ಹೇಳುವಾಗ ಮಲಿಕ್ ಅಂಬರ್ ಹೆಸರನ್ನು ಹೆಮ್ಮೆಯಿಂದ ಎತ್ತುತ್ತೇವೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಅಹ್ಮದ್‌ನಗರ ರಾಜ್ಯದ ಸೂತ್ರ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಗಲರಿಗೆ ಸವಾಲಾಗಿ ಉಳಿದವನು ಆತ. ಖಡ್ಕಿ ಎಂಬಲ್ಲಿ ಹೊಸ ನಗರ ಕಟ್ಟಿ ಅಲ್ಲಿಗೆ ನೆಲದಡಿಯ ಕಾಲುವೆಗಳಲ್ಲಿ ನೀರು ತಂದನು. ಅದು ತೋಳಿನ ಕೆಲಸವಲ್ಲ, ತಲೆಯ ಕೆಲಸ. ಆದರೆ ಅದೇ ಮೂಲದ ಮುಸ್ಲಿಮನೊಬ್ಬ ನಮ್ಮ ಜಮಾಅತ್‌ನಲ್ಲಿ ಪಕ್ಕದ ಸಫ್‌ನಲ್ಲಿ ನಿಂತಿದ್ದಾಗ ಏನು ಮಾಡುತ್ತೇವೆ? ನಮಾಝ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸುತ್ತೇವೆ, ನಿಜ. ಸಲಾಮ್ ಹೇಳಿ ಮುಗಿಸಿದ ನಂತರ? ಮಸೀದಿ ಕಮಿಟಿಗಳಲ್ಲಿ ಎಷ್ಟು ಸಿದ್ದಿಗಳನ್ನು ಕಂಡಿದ್ದೇವೆ? ಮದುವೆಯ ಮನೆಯಲ್ಲಿ ಕಟ್ಟಿಗೆ ಒಡೆಯಲು, ಡೇಗ್ ಎತ್ತಲು ಅವರನ್ನು ಕರೆಯುತ್ತೇವೆ. ಸಂಬಂಧ ಬೆಳೆಸುವ ಮಾತು ಬಂದರೆ ಮುಖ ತಿರುಗಿಸುತ್ತೇವೆ. ಬಣ್ಣ ಸ್ವಲ್ಪ ಕಪ್ಪಾದ ಮಗಳನ್ನು ‘ಸಿದ್ದಿ’ ಎಂದು ಹಾಸ್ಯಕ್ಕೆ ಕರೆಯುವ ಮನೆಗಳು ನಮ್ಮಲ್ಲಿಲ್ಲವೇ? ಆ ಹಸುವಿನ ಹೆಸರಿಗೂ ಇದಕ್ಕೂ ಏನು ವ್ಯತ್ಯಾಸ?

ಆಟ ಮುಗಿದ ಮೇಲೆ ನಾವು ಆ ಬಾಲಕನನ್ನು ಮಾತಾಡಿಸಿದೆವು. ಹಿಂದೆ ನಿಂತು ಚೆನ್ನಾಗಿಯೇ ಆಡಿದ್ದನು. ಅದಕ್ಕೆ ಕಾರಣ ಬಲವಲ್ಲ. ಮೈಕಟ್ಟಿನಲ್ಲಿ ಅವನು ಉಳಿದವರಿಗಿಂತ ಸಣ್ಣವನೇ. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಅರಿತು ಅಲ್ಲಿ ಹೋಗಿ ನಿಲ್ಲುತ್ತಿದ್ದನು, ಅಷ್ಟೇ. ಎಷ್ಟನೆಯ ತರಗತಿ ಎಂದೆವು. ಎಂಟು ಮುಗಿದಿದೆ ಎಂದನು. ಮುಂದೆ? ‘ಹಾಸ್ಟೆಲ್ಲಿಗೆ ಅರ್ಜಿ ಹಾಕಬೇಕ್ರಿ. ಜಾತಿ ಸರ್ಟಿಫಿಕೇಟ್ ಬೇಕಂತ. ಸಾಲ್ಯಾಗ ನಮ್ದು ಬರೇ ಮುಸ್ಲಿಂ ಅಂತ ಬರದಾರ್ರಿ’ ಎಂದನು.

ಪಟ್ಟಣದ ಓದುಗರಿಗೆ ಇದರ ಹಿನ್ನೆಲೆ ತಿಳಿದಿರಲಾರದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಜಿಲ್ಲೆಯ ಗಡಿಯ ಈಚೆಗೆ, ಕಲಘಟಗಿಯಲ್ಲಿದ್ದ ಅವರದೇ ನೆಂಟರಿಗೆ ದೊರೆಯಲಿಲ್ಲ. ಅಕ್ಕನನ್ನು ಹಳಿಯಾಳಕ್ಕೆ ಕೊಟ್ಟಿದ್ದರೆ ಅವಳ ಮಕ್ಕಳಿಗೆ ಮಾನ್ಯತೆ, ತಮ್ಮನ ಮಕ್ಕಳಿಗಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಪಟ್ಟಿಗೆ ಸೇರಿಸುವ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಪೂರ್ಣಗೊಂಡದ್ದು 2020ರಲ್ಲಿ. ಹದಿನೇಳು ವರ್ಷಗಳಲ್ಲಿ ಒಂದು ತಲೆಮಾರಿನ ಶಾಲೆಯ ದಿನಗಳೇ ಕಳೆದುಹೋದವು. ಪರಿಶಿಷ್ಟ ಜಾತಿಯ ಮಾನ್ಯತೆಗಿರುವಂತೆ ಪರಿಶಿಷ್ಟ ಪಂಗಡದ ಮಾನ್ಯತೆಗೆ ಧರ್ಮದ ನಿರ್ಬಂಧವಿಲ್ಲ. ಸಿದ್ದಿ ಮುಸ್ಲಿಮನಾಗಿದ್ದರೂ ಕ್ರೈಸ್ತನಾಗಿದ್ದರೂ ಹಿಂದೂವಾಗಿದ್ದರೂ ಹಕ್ಕು ಒಂದೇ. ಆದರೆ ಶಾಲೆಯ ದಾಖಲೆಯಲ್ಲಿ ಸಿದ್ದಿ ಎಂಬ ಶಬ್ದವೇ ಇಲ್ಲದಿದ್ದರೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ತಂದೆ-ಅಜ್ಜಂದಿರ ದಾಖಲೆ ಹುಡುಕಬೇಕು, ಅರ್ಜಿ ಬರೆಯಬೇಕು, ಕಚೇರಿಗೆ ಹತ್ತು ಸಲ ಅಲೆಯಬೇಕು. ಅಕ್ಷರ ಬಲ್ಲವರ ನೆರವಿಲ್ಲದೆ ಕೂಲಿಕಾರನೊಬ್ಬ ಇದನ್ನು ಮಾಡಲಾರ. ಅಕ್ಷರ ಬಲ್ಲವರು ನಮ್ಮ ಪಟ್ಟಣಗಳ ಪ್ರತಿಯೊಂದು ಮೊಹಲ್ಲಾದಲ್ಲಿಯೂ ಇದ್ದಾರೆ. ವಕೀಲರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ, ಕಂದಾಯ ಇಲಾಖೆಯಲ್ಲಿ ದುಡಿದವರಿದ್ದಾರೆ. ವಿದ್ಯಾರ್ಥಿವೇತನ ಹಂಚುವ ನಮ್ಮ ಸಂಸ್ಥೆಗಳು ವರ್ಷಕ್ಕೊಂದು ಭಾನುವಾರ ಕಲಘಟಗಿಯಲ್ಲಿ ಕುಳಿತು ಇಂಥ ಅರ್ಜಿಗಳನ್ನು ಬರೆದುಕೊಟ್ಟರೆ ಖರ್ಚಾಗುವುದು ಚಹಾದ ಹಣ ಮಾತ್ರ.

ತುರಾಂ ಅವರ ಮಕ್ಕಳಿಬ್ಬರೂ ಈಗ ವೃತ್ತಿಪರ ಆಟಗಾರರು. ಹಿರಿಯವನಿಗೆ ಅವರು ಕರಿಯರ ನಾಯಕ ಮಾರ್ಕಸ್ ಗಾರ್ವಿಯ ನೆನಪಿಗಾಗಿ ಮಾರ್ಕಸ್ ಎಂದು ಹೆಸರಿಟ್ಟರು. ಆತ ಹಿಂದಿನ ಸಾಲಿನವನಲ್ಲ, ಮುಂದಿನ ಸಾಲಿನವನು. 2022ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಫ್ರಾನ್ಸ್ ಪರ ಆಡಿದನು. 2024ರ ಜೂನ್‌ನಲ್ಲಿ, ಲೆ ಪೆನ್ ಅವರ ಪಕ್ಷದ ಉತ್ತರಾಧಿಕಾರಿಗಳು ಅಧಿಕಾರದ ಹೊಸ್ತಿಲಲ್ಲಿದ್ದಾಗ, ಯೂರೋಪ್ ಕಪ್ಪಿನ ಪಂದ್ಯಗಳ ನಡುವೆಯೇ ಪತ್ರಕರ್ತರ ಮುಂದೆ ಕುಳಿತು, ಅವರು ಗೆಲ್ಲದಂತೆ ದಿನವೂ ಹೋರಾಡಬೇಕು ಎಂದವನೂ ಅವನೇ.

ಬಮ್ಮಿಗಟ್ಟಿಯಿಂದ ಹೊರಡುವಾಗ ನಾವು ಆ ಬಾಲಕನ ತಂದೆಯ ಮೊಬೈಲ್ ಸಂಖ್ಯೆಯನ್ನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆವು. ಸರ್ಟಿಫಿಕೇಟಿನ ವಿಷಯ ವಿಚಾರಿಸಿ ಕರೆ ಮಾಡುತ್ತೇವೆಂದು ಮಾತು ಕೊಟ್ಟೆವು. ಆ ಆಮಂತ್ರಣ ಪತ್ರಿಕೆ ಈಗಲೂ ನಮ್ಮ ಮೇಜಿನ ಮೇಲಿದೆ. ಈ ಸಾಲುಗಳನ್ನು ಬರೆಯುವ ದಿನದವರೆಗೂ ನಾವು ಕರೆ ಮಾಡಿರಲಿಲ್ಲ.